ಒಂದೇ ಪಾಯಿಂಟಿಗೆ ಫೇಲ್

ಖಾನಾಪುರದ ಹೊಳೆದಂಡೆಯ ಪಂಪುಮನೆಯಲ್ಲಿ ಗುರುಪುತ್ರಪ್ಪ ಇನ್ನೂ ಚಹಾ ಕುಡಿದಿಲ್ಲ. ಈಗಷ್ಟೇ ಬೆಳಕು ಹರಿಯುತ್ತಿದೆ, ಮಲಪ್ರಭೆಯ ಮೇಲಿನ ಮಂಜು ಕರಗಿಲ್ಲ. ಕೊಡದಿಂದ ಪಂಪಿನ ಬಾಯಿಗೆ ನೀರು ಸುರಿಯುತ್ತಾರೆ, ನಿಂತು ಕಿವಿಗೊಡುತ್ತಾರೆ, ಮತ್ತೆ ಸುರಿಯುತ್ತಾರೆ. ಹೀಗೆ ನೀರು ಕುಡಿಸದಿದ್ದರೆ ಈ ಪಂಪು ಏಳುವುದಿಲ್ಲ. ಸ್ವಿಚ್ ಒತ್ತಿದ ಮೇಲೂ ಅವರಿಗೆ ನೆಮ್ಮದಿಯಿಲ್ಲ. ನೀರು ಮೇಲೇರಿತೆಂದು ಪೈಪಿನ ಸಪ್ಪಳ ಹೇಳುವವರೆಗೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

ಊರಿನ ಕೆಳಗಿನ ಓಣಿಗಳೆಲ್ಲ ಕುಡಿಯುವುದು ಈ ನೀರನ್ನೇ. ಪಂಪು ಒಂದೇ. ಅದರ ಜೀವವಿರುವುದು ಹೊಳೆಯ ನೀರು ಮರಳಿನಲ್ಲಿ ಸೋಸಿ ಬಂದು ತುಂಬುವ ಪಕ್ಕದ ಬಾವಿಯ ತಳದಲ್ಲಿ, ಪೈಪಿನ ತುದಿಗೆ ಕೂತ ಫುಟ್‌ವಾಲ್ವ್ ಎಂಬ ಪುಟ್ಟ ಕವಾಟದಲ್ಲಿ. ಅದರೊಳಗೆ ಒಂದು ಎಲೆ ಸಿಕ್ಕಿಕೊಂಡರೂ ಸಾಕು, ಸುರಿದ ನೀರೆಲ್ಲ ಕೆಳಗೆ ಸೋರಿ ಪಂಪು ಬರೀ ಗಾಳಿ ಎಳೆಯುತ್ತದೆ. ಆಗ ಮುಳುಗು ಹಾಕಿ ಕೈಯಿಂದಲೇ ಎಲೆ ಬಿಡಿಸಬೇಕು. ಆ ಕೆಲಸ ಬಲ್ಲವರು ಬಹಳ ವರ್ಷ ಇವರೊಬ್ಬರೇ. ನೌಕರಿ ಮಾತ್ರ ದಿನಗೂಲಿಯದು. ಇಂದು ಕಾಯಂ ಆದೀತು, ನಾಳೆ ಆದೀತು ಎಂದು ಕಾಯುತ್ತ ಮೀಸೆಯಲ್ಲಿ ಬಿಳಿ ಕೂದಲು ಇಣುಕಿವೆ.

ಕಾಯಂ ಆಗಲು ಮ್ಯಾಟ್ರಿಕ್ ಪಾಸಾಗಿರಬೇಕು. ಗುರುಪುತ್ರಪ್ಪ ಎಪ್ಪತ್ತೆರಡನೆಯ ಇಸವಿಯಲ್ಲಿ ಇಂಗ್ಲಿಷಿಗೆ ಒಂದೇ ಅಂಕ ಕಡಿಮೆ ಬಿದ್ದು ನಪಾಸಾದವರು. ಕೆಲಸಕ್ಕೆ ಸೇರುವಾಗ ಕೂಲಿಗಳ ಮೇಸ್ತ್ರಿಯಾಗಿದ್ದ ಹಳೆಯ ಮುಕಾದಮ, "ಮ್ಯಾಟ್ರಿಕ್ ಏನೋ?" ಎಂದು ಕೇಳಿದ್ದ. ಇವರು ಹೂಂ ಅಂದಿದ್ದರು. "ಪಾಸೋ ನಪಾಸೋ ಅವಾ ಕೇಳಲಿಲ್ಲ, ನಾ ಹೇಳಲಿಲ್ಲ" ಎಂದು ಈಗ ನಗುತ್ತಾರೆ. ಆದರೆ ಅಂದಿನಿಂದ ಯಾರಾದರೂ ಕಾಗದ ಹಿಡಿದು ಪಂಪುಮನೆಗೆ ಬಂದರೆ ಅವರು ಪಂಪಿನ ಹಿಂದೆ ಸರಿದು ಕೆಲಸ ಹಚ್ಚಿಕೊಳ್ಳುತ್ತಿದ್ದರು.

ಹೋದ ವರ್ಷ, ಎಂಬತ್ತೈದರ ಬೇಸಿಗೆಯಲ್ಲಿ, ಬೆಳಗಾವಿಯಿಂದ ಪದ್ಮಾಕರ ಎಂಬ ಹೊಸ ಎಂಜಿನಿಯರು ತಪಾಸಣೆಗೆ ಬಂದರು. ಬಾವಿಯೊಳಗೆ ಇಣುಕಿದರು. ಮೊದಲು ವಾಲ್ವಿನ ಕಡೆಗೆ, ಆಮೇಲೆ ಗುರುಪುತ್ರಪ್ಪನವರ ಕಡೆಗೆ ಬೆರಳು ತೋರಿಸಿ ಜೊತೆಯವರಿಗೆ, "ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್" ಅಂದರು. ಮತ್ತೇನೂ ಹೇಳದೆ ಜೀಪು ಹತ್ತಿದರು.

ಗುರುಪುತ್ರಪ್ಪ ಆ ಮಾತನ್ನು ಒಂದೊಂದೇ ಶಬ್ದವಾಗಿ ಬಿಡಿಸಿ ನೋಡಿದರು. "ಸಿಂಗಲ್ ಅಂದ್ರ ಒಂದು, ಪಾಯಿಂಟ್ ಅಂದ್ರ ಮಾರ್ಕು, ಫೇಲ್ಯೂರ್ ಅಂದ್ರ ನಪಾಸು. ಒಂದ ಮಾರ್ಕಿಗೆ ಫೇಲ್ ಆದಾಂವ ಅಂತ ಸಾಹೇಬರಿಗೆ ಗೊತ್ತಾತು, ನನ್ನ ನೌಕರಿ ಹೋತು ಅಂದ್ಕೊಂಡೆ" ಎನ್ನುತ್ತಾರೆ. ಊಟ ಸೇರದಾಯಿತು. ಹೆಂಡತಿ ಶಿವಲಿಂಗವ್ವ ಕೇಳಿದರೆ ಸಿಡುಕಿದರು. ಕೊನೆಗೆ ತಡೆಯಲಾರದೆ ರೈಲು ಹತ್ತಿ ಬೆಳಗಾವಿಯ ಟಿಳಕವಾಡಿಗೆ, ತಮಗೆ ಇಂಗ್ಲಿಷ್ ಕಲಿಸಿದ್ದ ರತ್ನಮಾಲಾ ಅಕ್ಕೋರ ಮನೆಗೆ ಹೋದರು.

ಅಕ್ಕೋರು ಕೇಳಿ ನಕ್ಕುಬಿಟ್ಟರು. "ನಪಾಸಿನ ಮಾತಲ್ಲೋ ಅದು. ಯಾವ ಒಂದು ಕೆಟ್ರ ಎಲ್ಲಾ ನಿಂತು ಹೋಗತೈತಿ, ಅದಕ್ಕ ಹಂಗ ಅಂತಾರ. ಆ ವಾಲ್ವ್ ಕೆಟ್ರ ಊರಿಗೆ ನೀರಿಲ್ಲ. ನೀ ಮಲಗಿದ್ರೂ ನೀರಿಲ್ಲ."

ಗುರುಪುತ್ರಪ್ಪನವರ ಕೈ ತಾನಾಗಿ ಕೊರಳಿಗೆ ಹೋಯಿತು. "ಅಂದ್ರ ಶಿವದಾರ ಇದ್ದಂಗ ಅನ್ರಿ. ಹರೀತಂದ್ರ ಲಿಂಗದ ಕರಡಿಗಿ ಕೆಳಗ."

"ಹಂಗ ನೋಡು. ನಿಂದು ಎಷ್ಟೆಳೀದು ಐತಿ?"

"ಎರಡೆಳಿ ಹೊಸದು ಕಟ್ಟಿದಾಳ್ರೀ ನಮ್ಮಕಿ. ನೀರಾಗ ಮುಳಗತೇನಲ್ಲ, ಅದಕ್ಕ."

ನೌಕರಿ ಉಳಿಯಿತೆಂಬ ಆ ಸಂತೋಷ ಸ್ಟೇಷನ್ನಿನವರೆಗೂ ಬರಲಿಲ್ಲ. ತಾನೊಬ್ಬನೇ ಆಗಿರುವುದರಿಂದಲ್ಲವೇ ತನಗೆ ಬೆಲೆ? ಇನ್ನೊಬ್ಬರು ಕಲಿತರೆ ತನ್ನನ್ನು ಯಾಕೆ ಕಾಯಂ ಮಾಡಬೇಕು? ವಾಲ್ವಿನ ಗುಟ್ಟು ಯಾರಿಗೂ ಬಿಡಬಾರದೆಂದು ರೈಲಿನಲ್ಲೇ ನಿಶ್ಚಯಿಸಿದರು. ತಪ್ಪೆನ್ನಲು ಮನಸ್ಸು ಬರುವುದಿಲ್ಲ. ದಿನಗೂಲಿಯವನ ಕೈಯಲ್ಲಿ ಬೇರೆ ಏನಿರುತ್ತದೆ?

ಮಳೆಗಾಲದಲ್ಲಿ ಅವರು ಚಳಿಜ್ವರ ಹಿಡಿದು ಮಲಗಿದರು. ಅದೇ ಹೊತ್ತಿಗೆ ಪಂಪು ಗಾಳಿ ಎಳೆಯತೊಡಗಿತು. ಬದಲಿಗೆ ಬಂದವನು ಬಾವಿಗೆ ಇಳಿಯಲು ಒಲ್ಲೆನೆಂದ. ಗುರುಪುತ್ರಪ್ಪ ಎದ್ದರು, ಬಿದ್ದರು, ಕಂಬಳಿ ಹೊದ್ದು ಮಲಗಿದರು, ವಾಲ್ವಿನ ಗುಟ್ಟು ಮಾತ್ರ ಬಿಡಲಿಲ್ಲ. ಬಾಗಿಲಿಗೆ ಪಕ್ಕದ ಓಣಿಯ ಮಾಯವ್ವ ಖಾಲಿ ಕೊಡ ಹಿಡಿದು ಬಂದಳು. ಜಗಳಕ್ಕೆ ಬಂದವಳಲ್ಲ. "ಮಗಳು ಹಡದಾಳ. ಹೊಳೀ ನೀರು ಕೆಂಪಾಗೇತಿ. ಕೂಸಿಗೆ ಎರಿಯಾಕ ಏನ ಮಾಡ್ಲಿ, ಹೇಳಪಾ" ಎಂದಷ್ಟೇ ಕೇಳಿ ಹೊಸ್ತಿಲಲ್ಲಿ ಕೂತಳು.

ಶಿವಲಿಂಗವ್ವ ಹೊಳೆಯ ಮಗ್ಗುಲಿನ ಅಸೋಗದಲ್ಲಿ ಹುಟ್ಟಿ, ನಡೆಯುವುದಕ್ಕೂ ಈಜುವುದಕ್ಕೂ ಒಟ್ಟಿಗೇ ಕಲಿತವರು. "ಕೆಳಗ ಏನೈತಿ, ಎಲ್ಲಿ ಕೈ ಹಾಕಬೇಕು? ಹೇಳ್ರಿ" ಅಂದರು. ಗುರುಪುತ್ರಪ್ಪ ಗೋಡೆಯ ಕಡೆಗೆ ಹೊರಳಿದರು. ಮಾಯವ್ವ ಏಳಲಿಲ್ಲ. ಕೊನೆಗೆ ಗುರುಪುತ್ರಪ್ಪ ಗೋಡೆಗೇ ಹೇಳಿದ ಹಾಗೆ ಹೇಳತೊಡಗಿದರು: ಪೈಪನ್ನು ತಬ್ಬಿಕೊಂಡೇ ಇಳಿಯಬೇಕು, ವಾಲ್ವಿನ ಸುತ್ತಲಿನ ಜಾಳಿಗೆಯ ಬಾಜುವಿನಿಂದ ಬೆರಳು ತೂರಿಸಬೇಕು, ಎಲೆಯನ್ನು ಜಗ್ಗದೆ ತಿರುವಿ ತೆಗೆಯಬೇಕು.

ಶಿವಲಿಂಗವ್ವ ಕಚ್ಚೆ ಬಿಗಿದು, ನಡುವಿಗೆ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದರು. ಮಾಯವ್ವನೇ ಹಗ್ಗ ಹಿಡಿದಳು. ಎರಡನೆಯ ಮುಳುಗಿಗೆ ಒಂದು ಹರಕು ಸಾಗವಾನಿ ಎಲೆ ಮೇಲೆ ಬಂತು. ಮಲಗಿದ್ದ ಗುರುಪುತ್ರಪ್ಪನವರಿಗೆ ಹೊರಗಿನ ನಳದಲ್ಲಿ ಗಾಳಿ ಸರಿದು ನೀರು ಏರುವ ಸೀಟಿ ಕೇಳಿಸಿತು. "ಖುಷಿ ಆತು, ಹೊಟ್ಟಿಯೊಳಗ ಬೆಂಕಿನೂ ಬಿತ್ತು. ಖರೇ ಹೇಳತೇನಿ" ಎನ್ನುತ್ತಾರೆ.

ಈಗ ಬೆಳಗಿನ ಕೆಲಸಕ್ಕೆ ಇಬ್ಬರೂ ಬರುತ್ತಾರೆ. ಹೋದ ತಿಂಗಳು ಪದ್ಮಾಕರ ಮತ್ತೆ ಬಂದಾಗ, ಈಕೆ ಯಾರೆಂದು ಕೇಳಿದರಂತೆ. "ಡಬಲ್ ಪಾಯಿಂಟ್ರೀ ಸಾಹೇಬ್ರ" ಎಂದರಂತೆ ಗುರುಪುತ್ರಪ್ಪ. ನಕ್ಕವರ ಮುಂದೆ ಅದೇ ಉಸಿರಿನಲ್ಲಿ, ತಾನು ಮ್ಯಾಟ್ರಿಕ್ ನಪಾಸು ಎಂಬುದನ್ನೂ ಹೇಳಿಬಿಟ್ಟರು. ಸಾಹೇಬರು ನೋಡೋಣ ಅಂದು ಹೋಗಿದ್ದಾರೆ. ಕಾಯಂ ಆದೇಶ ಬಂದಿಲ್ಲ, ಬೇಡವೆಂಬ ಮಾತೂ ಬಂದಿಲ್ಲ. ಜೀಪಿನ ಸದ್ದಾದರೆ ಗುರುಪುತ್ರಪ್ಪ ಇಂದಿಗೂ ಬಾಗಿಲಿಗೆ ಓಡುತ್ತಾರೆ.

ಇಂದೂ ಓಡಿದರು. ಯಾವುದೋ ಲಾರಿ. ಪೆಚ್ಚಾಗಿ ಮರಳಿದ ಗಂಡನ ಕೈಗೆ ಶಿವಲಿಂಗವ್ವ ಚಹಾದ ಲೋಟ ಕೊಟ್ಟು, ಅವರ ಕೈಯಲ್ಲಿದ್ದ ಕೊಡ ತಾವು ತೆಗೆದುಕೊಂಡರು.

"ಸಾಕು, ಕುಂದರ್ರಿ. ಬೇಕಾದ್ರ ಈಗ ನಿಶ್ಚಿಂತಿ ಫೇಲ್ ಆಗ್ರಿ. ನಾ ಅದೀನಿ."