ನೀರಿಗೆ ವಯಸ್ಸು ಕೇಳುವ ಸೆವೆರೊ

ಕೋಚಬಾಂಬಾ ನಗರದ ಗುಡ್ಡದ ಬಡಾವಣೆಯಲ್ಲಿ ಶೇಂಗಾ ಸೂಪು ಮಾರುವ ಬಾಸಿಲಿಯಾ, ನೀರಿನ ಸಮಿತಿಯ ಇಂಜಿನಿಯರ್ ಸೆವೆರೊನಂಥ ಗಿರಾಕಿಯನ್ನು ಇನ್ನೆಲ್ಲೂ ಕಂಡಿಲ್ಲ. ಬಟ್ಟಲು ಮುಂದಿಟ್ಟರೆ ಉಣ್ಣುವುದಿಲ್ಲ. ಒಂದು ಹನಿ ಮೆಣಸಿನ ಗೊಜ್ಜು ಬಿಟ್ಟು, ಅದು ಯಾವ ಅಂಚಿಗೆ ತೇಲುತ್ತದೆಂದು ಸೂಪು ಆರುವತನಕ ನೋಡುತ್ತಾನೆ. ಅಲ್ಲಿಯ ರೂಢಿಯಂತೆ ಭೂತಾಯಿಗೆಂದು ಮೊದಲ ಗುಟುಕು ನೆಲಕ್ಕೆ ಚೆಲ್ಲಿದರೂ ಅಷ್ಟೆ, ಅದು ಹರಿಯುವ ದಾರಿಯ ಮೇಲೇ ಕಣ್ಣು. ಯಾರ ಮನೆಗೆ ಹೋದರೂ ಒಂದೇ ಪ್ರಶ್ನೆ: “ಈ ನೀರಿಗೆ ವಯಸ್ಸೆಷ್ಟು?” “ನಿನ್ನಷ್ಟಾಗಿಲ್ಲ, ಕುಡಿ ಮಾರಾಯ!” ಎಂದು ಎಲ್ಲರೂ ನಗುತ್ತಿದ್ದರು. ಕೊನೆಗೊಂದು ಭಾನುವಾರ, ಊರವರೇ ಕಲ್ಲು ಹೊತ್ತು ಕಟ್ಟಿದ ಟ್ಯಾಂಕಿನ ನಕ್ಷೆಗೆ ಸೆವೆರೊ ಕಂಪ್ಯೂಟರಿನಲ್ಲೇ ನೀರು ತುಂಬಿಸಿ, ಅದು ಹರಿಯುವ ಬಗೆಯನ್ನು ಸಭೆಗೆ ತೋರಿಸಿದ. ನೀರು ಬರುವ ಪೈಪು, ಹೋಗುವ ಪೈಪು ಎರಡೂ ಒಂದೇ ಪಕ್ಕ. ಹೊಸ ನೀರು ಬಂದ ಹಾಗೇ ಹೊರಟುಹೋಗುತ್ತದೆ, ಆಚೆ ಮೂಲೆಯದು ವಾರಗಟ್ಟಲೆ ನಿಂತು ವಯಸ್ಸಾಗಿ ಕೆಟ್ಟು, ಮಟ್ಟ ಇಳಿದಾಗ ನಲ್ಲಿಗೆ ಬರುತ್ತದೆ. ಬಡಾವಣೆಯ ಮಕ್ಕಳನ್ನು ಬಹುದಿನದಿಂದ ಕಾಡುತ್ತಿದ್ದ ಹೊಟ್ಟೆನೋವಿನ ಮೂಲ ಅದೇ. “ಹಂಗಾದ್ರೆ ತಪ್ಪು ಮಾಡ್ದೋನು ಯಾರು?” ಎಂದು ಯಾರೋ ಕೂಗಿದಾಗ ಬಾಸಿಲಿಯಾ ಸೆವೆರೊನತ್ತ ನೋಡಿದಳು, ಆ ಪೈಪು ಕೂರಿಸಿದ್ದು ತೀರಿಹೋದ ಅವಳ ಗಂಡ. “ತಪ್ಪು ನೀರಿಂದೇ. ಹತ್ರದ ದಾರಿ ಕಂಡ್ರೆ ಅದು ಬಿಡಲ್ಲ,” ಎಂದು ಸೆವೆರೊ ಕಂಪ್ಯೂಟರು ಮುಚ್ಚಿದ. ಪೈಪು ಆಚೆ ಪಕ್ಕಕ್ಕೆ ಬದಲಾಯಿತು, ಮಕ್ಕಳು ಚೇತರಿಸಿಕೊಂಡರು. ಆಮೇಲೆ ಅವಳು ಟ್ಯಾಂಕಿನ ಹತ್ತಿರ ಹೋಗಿ ನೋಡಿದಳು: ಹಳೆಯ ತೂತಿಗೆ ಅವನು ಸಿಮೆಂಟು ಮೆತ್ತಿದ್ದ, ಪಕ್ಕದಲ್ಲೇ ಗಂಡ ಅಂದು ಹಸಿ ಸಿಮೆಂಟಿನಲ್ಲಿ ಬೆರಳಿನಿಂದ ಬರೆದಿದ್ದ ‘ಫೊರ್ತುನಾತೊ’ ಎಂಬ ತನ್ನ ಹೆಸರಿಗೆ ಒಂದು ಚೂರೂ ತಾಗದಂತೆ. ಅಂದಿನಿಂದ ಅವನ ಸೂಪು ಆರಿಹೋದರೆ ಅವಳು ಬೈಯುವುದಿಲ್ಲ. ಸುಮ್ಮನೆ ಮತ್ತೆ ಬಿಸಿ ಮಾಡಿ ತಂದಿಡುತ್ತಾಳೆ.