ಅಪ್ಪ ಹೂವಿನ ನಡುವೆ ದಾರಿ ಬಿಡಿಸಿದ್ದು

ನನ್ನ ನಕ್ಷತ್ರಕ್ಕೆ ಹೊತ್ತುಗೊತ್ತಿಲ್ಲ. ಕಾಫಿ ಹೂವು ಅರಳುವ ವಾರವೇ ಆಗಬೇಕಿತ್ತೇ ಅದಕ್ಕೆ?

ಅದು ಗಾಮಾ ಕಿರಣ ಸೂಸುವ ಜೋಡಿ ನಕ್ಷತ್ರ. ದೊಡ್ಡದರ ಸುತ್ತ ಅನಿಲದ ತಟ್ಟೆಯಿದೆ. ಚಿಕ್ಕದು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಅದರ ಹತ್ತಿರ ಸುಳಿದಾಗ ಎಕ್ಸ್-ರೇ ಏರುತ್ತದೆ. ಆ ಏರಿಕೆಯೂ ಒಂದೇ ಸಮ ಇರುವುದಿಲ್ಲ. ವರ್ಷಗಟ್ಟಲೆ ಕುಗ್ಗುತ್ತಾ ಹೋಗಿ, ನಾಲ್ಕೈದು ವರ್ಷಕ್ಕೊಮ್ಮೆ ಮತ್ತೆ ಚಿಗುರಿಕೊಳ್ಳುತ್ತದೆ. ಹಾಗೆ ಚಿಗುರುವುದು ಈ ತಿಂಗಳೇ ಎಂದು ನಾನು ಬರೆದು ಕೂತಿದ್ದೆ. ನನ್ನ ಸಂಶೋಧನೆಯ ಅವಧಿ ಈ ವರ್ಷಕ್ಕೆ ಮುಗಿಯುತ್ತದೆ. ತಪ್ಪಿದರೆ ಎಲ್ಲವೂ ನೀರಲ್ಲಿ ಹೋಮ.

ಏರಿಕೆ ಶುರುವಾದದ್ದು ಒಂದು ಸಂಜೆ ಗೊತ್ತಾಯಿತು. ಮರುದಿನ ಮಧ್ಯಾಹ್ನದೊಳಗೆ ಕೋರಿಕೆ ಕಳಿಸಿದರೆ ಉಪಗ್ರಹದ ದೂರದರ್ಶಕವನ್ನು ಅತ್ತ ತಿರುಗಿಸುತ್ತಾರೆ. ರಾತ್ರಿ ಕೋರಿಕೆ ಬರೆದಿಟ್ಟು, ಇನ್ನೊಮ್ಮೆ ಓದಿ ಕಳಿಸೋಣವೆಂದು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಆನೆ ಕರೆಂಟು ಕಂಬ ಉರುಳಿಸಿತ್ತು. ಮನೆಯಲ್ಲಿ ಇಂಟರ್‌ನೆಟ್ಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಕೊಟ್ಟಿಗೆಹಾರದ ಟವರು ಸಿಗುವುದು ತೋಟದ ತುದಿಯ ಗುಡ್ಡದಲ್ಲಿ. ಜೀಪು ಗೋಣಿಬೀಡಿನ ಗ್ಯಾರೇಜಿನಲ್ಲಿತ್ತು. ರಸ್ತೆಯಲ್ಲಿ ಸುತ್ತಿ ನಡೆದರೆ ಹೊತ್ತು ಮೀರುತ್ತದೆ. ಉಳಿದದ್ದು ತೋಟದೊಳಗಿನ ದಾರಿ. ಆದರೆ ಹೂವು ನಿಂತ ತೋಟಕ್ಕೆ ನಮ್ಮಲ್ಲಿ ಯಾರೂ ಕಾಲಿಡುವುದಿಲ್ಲ. ಮೈ ತಾಗಿ ಉದುರಿದ ಹೂವೆಲ್ಲ ಕಾಯಿ ಹೋದ ಲೆಕ್ಕ. ಆಳುಗಳನ್ನೂ ಆಗ ಬೇರೆ ಕೆಲಸಕ್ಕೆ ಹಚ್ಚುತ್ತಾರೆ.

ತೋಟದ ಗೇಟಿನ ಮುಂದೆ ಲ್ಯಾಪ್‌ಟಾಪ್ ಅವುಚಿಕೊಂಡು ಅಳುತ್ತಾ ನಿಂತೆ. ನಾಚಿಕೆ ಕೂಡ ಆಗಲಿಲ್ಲ, ಅಷ್ಟು ದಿಕ್ಕೆಟ್ಟಿದ್ದೆ.

"ಇವತ್ತೇ ಆಗ್ಬೇಕಾ ಮಾರಾಯ್ತಿ?" ಅಪ್ಪ ಕೇಳಿದರು.

"ಇವತ್ತೇ ಅಪ್ಪ."

ಅಪ್ಪ ಗೇಟು ತೆಗೆದು ತಾವೇ ಮುಂದೆ ನಡೆದರು. ಹೆಣೆದುಕೊಂಡ ಕೊಂಬೆಗಳನ್ನು ಎರಡೂ ಕೈಯಲ್ಲಿ ಮೆಲ್ಲಗೆ ಸರಿಸಿ ನನಗೆ ದಾರಿ ಬಿಡಿಸುತ್ತಿದ್ದರು. ಎಷ್ಟು ಮೆಲ್ಲಗೆ ಸರಿಸಿದರೂ ಹೂವು ಉದುರುತ್ತಲೇ ಇತ್ತು. ಅವರು ಬೈದಿದ್ದರೆ ವಾಸಿಯಿತ್ತು.

ಗುಡ್ಡದ ಮೇಲೆ ಸಿಗ್ನಲ್ ಬಂತು. ನಾನು ಕೋರಿಕೆ ಕಳಿಸುವ ಮೊದಲೇ ಒಂದು ಮೇಲ್ ಬಂದು ಕೂತಿತ್ತು. ಉಪಗ್ರಹ ಕೆಟ್ಟಿದೆ, ವೀಕ್ಷಣೆಗಳನ್ನೆಲ್ಲ ನಿಲ್ಲಿಸಿದ್ದೇವೆ, ಯಾವಾಗ ಸರಿಹೋಗುತ್ತದೋ ಹೇಳಲಾಗದು ಎಂದಿತ್ತು.

"ಕಳ್ಸಿದ್ದು ಹೋಯ್ತಾ?" ಅಪ್ಪನ ತಲೆಗೂದಲು, ಅಂಗಿಯ ಮೇಲೆಲ್ಲ ಬಿಳಿ ಹೂವು.

"ಇಲ್ಲ ಅಪ್ಪ. ಅವ್ರ ಯಂತ್ರನೇ ಕೆಟ್ಟಿದ್ಯಂತೆ."

"ಮತ್ತೆ ಯಾವಾಗ ಬರ್ತದೆ ನಿನ್ ನಕ್ಷತ್ರದ್ದು?"

"ಇನ್ನು ನಾಲ್ಕೈದು ವರ್ಷಕ್ಕೆ."

ಅಪ್ಪ ನಾವು ಹತ್ತಿ ಬಂದ ದಾರಿಯನ್ನೇ ನೋಡುತ್ತಾ ನಿಂತರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

"ನಮ್ ಹೂವು ಮುಂದಿನ್ ವರ್ಷನೇ ಮತ್ತೆ ಬರ್ತದೆ ಬಿಡು. ಬಾ, ವಾಪಸ್ ರಸ್ತೇಲೇ ಸುತ್ತಿ ಹೋಗಣ," ಅಂದರು.