ಕೆರೆಯ ಪುಸ್ತಕದಲ್ಲಿ ನನ್ನ ಹೆಸರು

ನಾನಾಗಿ ಹೆಸರು ಕೊಟ್ಟೆನೋ, ನನ್ನಿಂದ ಕೊಡಿಸಿದರೋ, ಕೊಟ್ಟದ್ದನ್ನು ನಾನು ಹಿಂದಕ್ಕೆ ಪಡೆದದ್ದರಿಂದಲೇ ಇನ್ನೊಬ್ಬ ಸೈನ್ಯ ಸೇರಬೇಕಾಯಿತೋ, ಖಚಿತವಾಗಿ ಹೇಳಲಾರೆ. ಏಳು ವರ್ಷದ ಹಿಂದಿನ ಮಾತು. ಅಷ್ಟರಲ್ಲೇ ನೆನಪು ಒಂದೊಂದು ದಿನ ಒಂದೊಂದು ರೀತಿ ಹೇಳುತ್ತದೆ. ಧಾರವಾಡದ ಗೆಳೆಯರು ಬೆಂಗಳೂರಿನ ಬಗ್ಗೆ ಬರೆ ಎಂದಾಗಲೆಲ್ಲ ಇಲ್ಲಿನ ಚಳಿ, ಮುದ್ದೆ, ಬಸ್ಸು ಎಲ್ಲವನ್ನೂ ಬರೆದೆ. ಇದೊಂದನ್ನು ಮಾತ್ರ ಬಿಟ್ಟಿದ್ದೆ.

ಅನುಮಾನವಿಲ್ಲದೆ ನೆನಪಿರುವುದು ಕೆಸರು. ಊರಿಗೆ ಬಂದು ಇನ್ನೂ ಮೂರು ವಾರ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಲು ಬಂದ ಎಂ.ಎ. ಪದವೀಧರ, ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ, ಹೊಸಕೆರೆಹಳ್ಳಿಯ ಕೆರೆಯಲ್ಲಿ ಮೊಣಕಾಲ ತನಕ ಪ್ಯಾಂಟು ಮಡಚಿ, ತಲೆಯ ಮೇಲೆ ಹೂಳು ಹೊತ್ತು ನಿಂತಿದ್ದೆ. ನಾವು ಬುಟ್ಟಿ ಎನ್ನುವುದಕ್ಕೆ ಇಲ್ಲಿ ಮಂಕರಿ ಎನ್ನುತ್ತಾರೆ ಎಂದು ಗೊತ್ತಾದದ್ದು ಅದು ತಲೆಗೇರಿದ ಮೇಲೆಯೇ.

ಜಯನಗರದ ಹೊಸ ಬಡಾವಣೆಯಲ್ಲಿ ಮನೆ ಹುಡುಕಿದ್ದೆ. ಮದುವೆಯಾಗದವರಿಗೆ ಕೊಡುವುದಿಲ್ಲ ಎಂದರು. ಬಸವನಗುಡಿಯಲ್ಲಿ ಗೋತ್ರ ಕೇಳಿದರು. ಕೊನೆಗೆ ಹನುಮಂತನಗರದಲ್ಲಿ ಬಸ್ಸಿಳಿದು, ಹೊಲಗದ್ದೆಗಳ ನಡುವೆ ನಡೆದು ಸೇರಬೇಕಾದ ಈ ಹಳ್ಳಿಯಲ್ಲಿ ಮುನಿಯಮ್ಮ ಎಂಬ ವಿಧವೆ, "ಕುಡಿಯೋದಿಲ್ಲ ತಾನೆ?" ಎಂದಷ್ಟೇ ಕೇಳಿ ಬೀದಿ ಕಡೆಯ ಕೋಣೆ ಕೊಟ್ಟರು. ಒಳಗಿನ ಎರಡು ಅಂಕಣದಲ್ಲಿ ಆಕೆ ಮತ್ತು ಒಬ್ಬನೇ ಮಗ ನಾರಾಯಣ. ಇಪ್ಪತ್ತೆರಡರ ನಾರಾಯಣ ತರಕಾರಿ ಬೆಳೆದು ಗಾಡಿಯಲ್ಲಿ ಮಾರುಕಟ್ಟೆಗೆ ಹಾಕುತ್ತಿದ್ದ.

ಆ ಭಾನುವಾರದ ಹಿಂದಿನ ಸಂಜೆ ತಮಟೆ ಬಾರಿಸಿ ಸಾರಿದ್ದರು: ಕೆರೆ ಹೂಳೆತ್ತಲು ಮನೆಗೊಬ್ಬರು ಬರಬೇಕು. ನಾರಾಯಣನಿಗೆ ಜ್ವರ. ಊರಿನ ಹಿರಿಯ ಚಿಕ್ಕಣ್ಣನವರು ಬಾಗಿಲಿಗೆ ಬಂದು, ಯಾವ ಮನೆಯಿಂದ ಯಾರು ಎಂದು ಬರೆದಿಡುವ ಕೆರೆಯ ಪುಸ್ತಕ ಹಿಡಿದು, "ಈ ಮನೆಯಿಂದ ಯಾರು?" ಎಂದರು. ಮುನಿಯಮ್ಮ ಒಳಗಿನಿಂದಲೇ, "ಮೇಷ್ಟ್ರು ಬತ್ತಾರೆ" ಎಂದರು. ನನ್ನನ್ನು ಯಾರೂ ಕೇಳಲಿಲ್ಲ.

ಧಾರವಾಡದ ನಮ್ಮ ಓಣಿಯಲ್ಲಿ ಗಟಾರು ತುಂಬಿದರೆ ಮುನಿಸಿಪಾಲಿಟಿಗೆ ಅರ್ಜಿ ಬರೆಯುತ್ತಿದ್ದೆವು. ನಾಗರಿಕ ಕರ್ತವ್ಯ ಎಂದರೆ ಒಳ್ಳೆಯ ಅಕ್ಷರದಲ್ಲಿ ಬರೆದ ಅರ್ಜಿ. ಕೆರೆಯ ಸುದ್ದಿ ತಿಳಿಸಿದ್ದಕ್ಕೆ ಅವ್ವ ಬರೆಸಿದ ಕಾಗದದಲ್ಲಿ ಒಂದೇ ಸಾಲು: "ಮಣ್ಣ ಹೊರಲಿಕ್ಕೆ ಅಷ್ಟು ದೂರ ಹೋಗಬೇಕಿತ್ತೇನು?" ನನಗೋ, ಆ ಭಾನುವಾರ ಮಧ್ಯಾಹ್ನ ಮುನಿಯಮ್ಮ ಮುದ್ದೆಯನ್ನು ಅಗಿಯದೆ ನುಂಗಲು ಕಲಿಸುತ್ತಿದ್ದಾಗ, ಈ ಊರಿನಲ್ಲಿ ನಾನೂ ಒಂದು ತಲೆ ಎಂಬ ಸಂತೋಷ. ಅಪ್ಪಣೆಯಿಂದ ಸಂತೋಷವಾಗುವುದು ನನ್ನ ತತ್ತ್ವಕ್ಕೆ ವಿರುದ್ಧ. ಅದೇ ತಿಂಗಳು ಕಾಲೇಜಿನ ಚರ್ಚಾಕೂಟದಲ್ಲಿ, ಸರ್ಕಾರ ಪ್ರಜೆಯನ್ನು ಸೇವೆಗೆ ಕೇಳಿಕೊಳ್ಳಬಹುದೇ ಹೊರತು ಎಳೆದೊಯ್ಯಬಾರದು ಎಂದು ವಾದಿಸಿ ಚಪ್ಪಾಳೆ ಗಿಟ್ಟಿಸಿದ್ದೆ.

ಮಳೆಗಾಲ ಕಳೆದು ಚೀನಾದೊಡನೆ ಯುದ್ಧ ಬಂತು. ಒಂದು ಸಂಜೆ ಪೇಟೆಯಿಂದ ಬಂದ ಅಧಿಕಾರಿಯೊಬ್ಬರು ಅರಳಿಕಟ್ಟೆಯಲ್ಲಿ ನಿಂತು, ಸೈನ್ಯಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ, ಬಲವಂತವೇನಿಲ್ಲ ಎಂದರು. ಜನ ತಲೆಯಾಡಿಸಿದರು. ಚಿಕ್ಕಣ್ಣನವರು ಎದ್ದು ಮನೆಗೆ ಹೋಗಿ ಕೆರೆಯ ಪುಸ್ತಕವನ್ನೇ ತಂದರು. "ಸರಿ, ಮನೆಗೊಬ್ಬರು ಹೇಳಿ" ಎಂದರು. ಅಧಿಕಾರಿ ಆಗಲೇ ಜೀಪು ಹತ್ತಿದ್ದರು. ಹಾಗಲ್ಲ, ಇದು ಕೆರೆ ಕೆಲಸವಲ್ಲ ಎಂದು ವಿವರಿಸಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ. ವಿವರಿಸಲಿಲ್ಲ. ಯಾಕೆ? ಬಾಡಿಗೆಯವನಿಗೆ ಯಾಕೆ ಈ ಉಸಾಬರಿ ಅಂದುಕೊಂಡೆನೋ, ಹೇಡಿ ಅನ್ನಿಸಿಕೊಳ್ಳುವ ಭಯವೋ ತಿಳಿಯದು.

ಮರುದಿನ ಮುನಿಯಮ್ಮ ನನ್ನ ಕೋಣೆಯ ಹೊಸ್ತಿಲಲ್ಲಿ ಕುಳಿತರು. ಆಕೆ ಹಾಗೆ ಕುಳಿತದ್ದು ಅದೇ ಮೊದಲು.

"ಮೇಷ್ಟ್ರೇ, ನಮ್ಮನೆ ಹೆಸ್ರು ನೀವೇ ಕೊಟ್ಬುಡಿ."

"ಅಮ್ಮ, ಅದು ಕಡ್ಡಾಯ ಅಲ್ಲ. ಯಾರೂ ಕೊಡದಿದ್ದರೂ ನಡೆಯುತ್ತೆ."

"ಎಲ್ಲಾ ಮನೆಯೋರು ಕೊಡುವಾಗ ನಾನು ಹೆಂಗೆ ಇಲ್ಲ ಅನ್ಲಿ? ನಾಳೆ ಕೆರೆ ನೀರು ಬುಡ್ತಾರಾ? ನಿಮ್ಗೇನೂ ಆಗಾಕಿಲ್ಲ. ಅಷ್ಟು ದಪ್ಪ ಕನ್ನಡಕ ಐತೆ, ನೋಡಿದ ತಕ್ಷಣ ವಾಪಸ್ ಕಳಿಸ್ತಾರೆ. ಕರ್ಕೊಂಡು ಹೋಗಿ ಏನ್ ಮಾಡ್ತಾರೆ, ಚೀನಾದೋರಿಗೆ ಪಾಠ ಹೇಳಿಸ್ತಾರಾ? ಮನೆ ಸರದಿ ಮುಗೀತದೆ, ನನ್ ಮಗ ಉಳ್ಕೋತಾನೆ."

ಹಿತ್ತಲಲ್ಲಿ ಎತ್ತಿಗೆ ನೀರಿಡುತ್ತಿದ್ದ ನಾರಾಯಣ ಇದನ್ನು ಕೇಳಿ ನಕ್ಕ. "ಕೊಡಿ ಮೇಷ್ಟ್ರೇ, ಅಮ್ಮ ಒಂದಿನ ನೆಮ್ಮದಿಯಾಗಿ ಇರ್ಲಿ" ಎಂದ.

ಚಿಕ್ಕಣ್ಣನವರ ಜಗಲಿಗೆ ನಾನೇ ಹೋದೆನೋ, ಮುನಿಯಮ್ಮ ಜೊತೆಗೆ ಬಂದರೋ ನೆನಪಿಲ್ಲ. ಪುಸ್ತಕವನ್ನು ಮೂಗಿಗೆ ತಾಗುವಂತೆ ಹಿಡಿದು ಬರೆಯುವುದು ಅವರ ಅಭ್ಯಾಸ. ಪುಟ ನನಗೆ ಕಾಣಲಿಲ್ಲ. ಆ ಸಂಜೆ ಸೊಪ್ಪಿನ ಸಾರಿನ ಜೊತೆ ತುಪ್ಪವೂ ಬಂತು.

ನಾಲ್ಕು ದಿನ ಕಳೆಯಿತು. ಐದನೆಯ ದಿನ ಯೋಚನೆ ಶುರುವಾಯಿತು. ಕನ್ನಡಕ ಹಾಕಿದವರನ್ನೂ ತೆಗೆದುಕೊಂಡರೆ? ಗುಮಾಸ್ತೆ ಕೆಲಸಕ್ಕೆ ಕಳಿಸಿದರೆ? ತಿರಸ್ಕಾರವಾಗಲಿ ಎಂದೇ ಕೊಟ್ಟ ಹೆಸರು ಮೋಸವಲ್ಲವೇ ಎಂದೂ ನನ್ನೊಳಗೆ ವಾದಿಸಿಕೊಂಡೆ. ಆ ವಾದ ಭಯದ ಮೇಲೆ ಹೊದಿಸಿದ ಬಟ್ಟೆಯಾಗಿತ್ತು ಎಂದು ಈಗ ಅನ್ನಿಸುತ್ತದೆ. ಹೋಗಿ ಚಿಕ್ಕಣ್ಣನವರಿಗೆ, "ನನ್ನ ಹೆಸರು ತೆಗೆಯಿರಿ, ಇದು ಕಡ್ಡಾಯ ಅಲ್ಲ" ಎಂದೆ.

"ಕೆರೆ ಕೆಲ್ಸಾನೂ ಕಡ್ಡಾಯ ಅಲ್ಲ ಮೇಷ್ಟ್ರೇ. ಬರಾಕಿಲ್ಲ ಅಂದೋರು ಯಾರಿದಾರೆ ಹೇಳಿ?" ಎಂದು ಪೆನ್ಸಿಲು ಹುಡುಕಿದರು.

"ಮತ್ತೆ ಆ ಮನೆಯ ಸರದಿ?"

"ಆ ಮನೆ ಸರದಿ ನಿಮಗ್ಯಾಕೆ ಬುಡಿ."

ಬಾಡಿಗೆಯವನು ಎಂದು ಚುಚ್ಚಿದರು ಎಂದುಕೊಂಡೆ. ಕೆರೆಯಲ್ಲಿ ಒಂದು ತಲೆಯಾಗಿದ್ದವನು ಆ ಜಗಲಿ ಇಳಿಯುವಾಗ ಮತ್ತೆ ಧಾರವಾಡದವನಾಗಿದ್ದೆ.

ಹೆಸರು ತೆಗೆಸಿದ್ದನ್ನು ಮುನಿಯಮ್ಮನಿಗೆ ಹೇಳಿದೆನೇ? ಒಂದು ನೆನಪಿನಲ್ಲಿ ಒಲೆಯ ಮುಂದೆ ನಿಂತು ಹೇಳುತ್ತೇನೆ, ಆಕೆ ಊದುಕೊಳವೆ ಕೆಳಗಿಡುತ್ತಾರೆ. ಇನ್ನೊಂದರಲ್ಲಿ ಆಕೆಗೆ ಬೇರೆ ಯಾರೋ ಹೇಳಿರುತ್ತಾರೆ. ಇಷ್ಟು ನಿಜ: ಆಮೇಲೆ ಮೂರೇ ವಾರದಲ್ಲಿ ನಾರಾಯಣ ಒಂದು ತಗಡಿನ ಪೆಟ್ಟಿಗೆ ಹಿಡಿದು ಸೈನ್ಯಕ್ಕೆ ಹೊರಟ. ಊರಿನಿಂದ ಅಷ್ಟೊಂದು ಹೆಸರು ಹೋಗಿದ್ದರೂ ಹೊರಟವನು ಅವನೊಬ್ಬನೇ. ಉಳಿದವರನ್ನು ಯಾರೂ ಕರೆಯಲೇ ಇಲ್ಲ. ಮುನಿಯಮ್ಮನ ಸಾರು ಎಂದಿನಂತೆ ಬರುತ್ತಿತ್ತು. ಅದನ್ನು ಉಣ್ಣುವುದೇ ಕಷ್ಟವಾಯಿತು.

ಮುಂದಿನ ಬೇಸಿಗೆಯಲ್ಲಿ ತಮಟೆ ಕೇಳಿದಾಗ ಯಾರೂ ಹೇಳದೆಯೇ ಮಂಕರಿ ತೆಗೆದುಕೊಂಡು ಹೋದೆ. ಆ ಮನೆಯಲ್ಲಿ ಗಂಡಸು ಎಂದು ಇದ್ದವನು ನಾನೊಬ್ಬನೇ. ಕಾಲೇಜಿನಲ್ಲಿ ಸೈನಿಕ ತರಬೇತಿ ಕಡ್ಡಾಯವಾಯಿತು. ಹುಡುಗರು ತಪ್ಪಿಸಿಕೊಳ್ಳಲು ವೈದ್ಯರ ಚೀಟಿ ತರುತ್ತಿದ್ದರು. ಕಡ್ಡಾಯದ ವಿರುದ್ಧ ಮತ್ತೊಮ್ಮೆ ಮಾತಾಡಿ ಎಂದರೆ ನಾನು ಒಪ್ಪಲಿಲ್ಲ. ಪರವಾಗಿ ಮಾತಾಡಲೂ ಆಗಲಿಲ್ಲ. ನಾರಾಯಣನ ಕಾಗದಗಳನ್ನು ಮುನಿಯಮ್ಮನಿಗೆ ಓದಿ, ಉತ್ತರ ಬರೆಯುವುದು ನನ್ನ ಪಾಲಿಗೆ ಬಂತು. ಪಾಕಿಸ್ತಾನದೊಡನೆ ಯುದ್ಧವಾದಾಗ ಕಾಗದ ಬರುವುದು ನಿಂತಿತು. ಆ ದಿನಗಳಲ್ಲಿ ಆಕೆ ಅಂಚೆಯವನನ್ನು ಕಾಯುತ್ತಿದ್ದ ಜಾಗ ನನ್ನ ಕೋಣೆಯ ಹೊಸ್ತಿಲು. ಕೊನೆಗೆ ಕ್ಷೇಮವೆಂದು ಅವನು ಬರೆದ ಕಾರ್ಡನ್ನು ನಾನು ಆಕೆಗೆ ಮೂರು ಸಲ ಓದಬೇಕಾಯಿತು.

ರಜೆಯಲ್ಲಿ ಬಂದ ನಾರಾಯಣನನ್ನು ಕೆರೆ ಏರಿಯ ಮೇಲೆ ಕೇಳಿಯೇಬಿಟ್ಟೆ: "ನಾನು ಹೆಸರು ತೆಗೆಸಿದ್ದಕ್ಕೆ ನೀನು ಹೋದೆಯಾ?"

"ಏನ್ ಮೇಷ್ಟ್ರೇ, ಲೋಕದಲ್ಲಿ ಆಗೋದೆಲ್ಲಾ ನಿಮ್ಮಿಂದ್ಲೇ ಆಗ್ಬೇಕಾ?" ಎಂದು ನಕ್ಕು ಬೀಡಿ ಹಚ್ಚಿದ.

ಈಗ ಊರ ಸುತ್ತ ಬಡಾವಣೆಗೆಂದು ಅಳತೆಯ ಕಲ್ಲು ನೆಟ್ಟಿದ್ದಾರೆ. "ಮಗನ್ನಾದ್ರೂ ಕೇಳಿ ತಗೊಂಡ್ರು, ಹೊಲಾನ ಕೇಳೋರೇ ಇಲ್ಲ" ಎನ್ನುತ್ತಾರೆ ಮುನಿಯಮ್ಮ. ಧಾರವಾಡಕ್ಕೆ ಹೋದರೆ ನನ್ನ ಮಾತಿಗೆ ಮೈಸೂರು ಸೀಮೆಯ ವಾಸನೆ ಎಂದು ನಗುತ್ತಾರೆ. ಇಲ್ಲಿ ನಾನು ಇನ್ನೂ ಧಾರವಾಡದ ಮೇಷ್ಟ್ರು. ಎರಡೂ ಕಡೆ ಹೇಳುವುದು ಸುಳ್ಳಲ್ಲ.

ಕಳೆದ ತಿಂಗಳು ಚಿಕ್ಕಣ್ಣನವರಿಗೆ ಕಣ್ಣು ಪೂರಾ ಮಂಜಾಗಿ, "ಇನ್ಮೇಲೆ ನೀವೇ ಬರೀರಿ" ಎಂದು ಕೆರೆಯ ಪುಸ್ತಕವನ್ನು ನನ್ನ ಕೈಗಿಟ್ಟರು. ಅಲ್ಲೇ ನಿಂತು ಯುದ್ಧದ ವರ್ಷದ ಪುಟ ಹುಡುಕಿದೆ. ಮುನಿಯಮ್ಮನ ಮನೆಯ ಸಾಲಿನಲ್ಲಿ ಒಂದರ ಕೆಳಗೊಂದು ಎರಡು ಹೆಸರುಗಳಿದ್ದವು. ಕೆಳಗಿನದು ನನ್ನದು, ಅದರ ಮೇಲೆ ಪೆನ್ಸಿಲಿನ ಗೀಟು. ಮೇಲಿನದು ನಾರಾಯಣನದು.

"ಇದರಲ್ಲಿ ಮೊದಲು ಬರೆದದ್ದು ಯಾವುದು?" ಎಂದು ಕೇಳಿದೆ.

"ಮೇಲಿಂದು. ಸಭೆ ದಿನಾನೇ ಬಂದು ಬರೆಸ್ದ, ಅಮ್ಮಂಗೆ ಹೇಳ್ಬೇಡಿ ಅಂದ. ನೀವು ಬಂದಿದ್ದು ಮಾರನೇ ದಿನ" ಎಂದರು ಚಿಕ್ಕಣ್ಣನವರು.